ಮೇಲೆ ಬಾಯಿ, ಕೆಳಗೆ ಮೂಕಿ

ಬಂಟ್ವಾಳ ಪೇಟೆಯಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಜನ ಹೇಳುತ್ತಿದ್ದ ಗುರುತು "ಮೇಲೆ ಬಾಯಿ, ಕೆಳಗೆ ಮೂಕಿ." ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎನ್ನುವುದು ರೂಢಿ, ಮರ್ಯಾದೆ ಸ್ವಲ್ಪ ಹೆಚ್ಚಾದರೆ ಬಾಯಮ್ಮ. ಉಪ್ಪರಿಗೆಯ ಆ ಬಾಯಿ ನಾನು, ಬೋರ್ಡ್ ಶಾಲೆಯ ಟೀಚರು. ನಾನು ಮಗ್ಗಿ ಹೇಳಿಸಿದರೆ ನೇತ್ರಾವತಿಯ ಆಚೆ ದಡದವರಿಗೂ ಬಾಯಿಪಾಠ ಆಗುತ್ತದೆ ಎಂದು ಹೆಡ್ಮಾಸ್ಟರು ತಮಾಷೆ ಮಾಡುತ್ತಿದ್ದರು. ಹಾಗಾಗಿ ಆ ಹೆಸರು ಎರಡು ಅರ್ಥದಲ್ಲೂ ನನಗೆ ಒಪ್ಪುತ್ತಿತ್ತು. ಕೆಳಗಿನ ಮೂಕಿಗೆ ಮಾತ್ರ ಅವರ ಹೆಸರು ಒಪ್ಪುತ್ತಿರಲಿಲ್ಲ. ಅದನ್ನು ಹೇಳಲೆಂದೇ ಈಗ ಬರೆಯಲು ಕೂತಿದ್ದೇನೆ. ಅವರು ಹೋಗಿ ಎಷ್ಟೋ ಕಾಲವಾಯಿತು. ಮನೆಯ ಯಜಮಾನಿ ದೊಡ್ಡಕ್ಕನೂ ಹೋಗಲಿ, ಆಮೇಲೆ ಬರೆಯುವ ಎಂದು ಕಾದಿದ್ದೆ. ಯಾಕೆ ಕಾದೆ ಎನ್ನುವುದು ಕೊನೆಯಲ್ಲಿ ತಿಳಿಯುತ್ತದೆ.

ಅವರ ನಿಜವಾದ ಹೆಸರು ನಾನು ಹೇಳುವುದಿಲ್ಲ. ತಾಯಿ ಇಟ್ಟದ್ದು ಒಂದು, ಸಿನೆಮಾದ ಪರದೆಯ ಮೇಲೆ ಬಂದದ್ದು ಇನ್ನೊಂದು, ಬಂಟ್ವಾಳದಲ್ಲಿ ಅಂಟಿಕೊಂಡದ್ದು ಮತ್ತೊಂದು. ಎತ್ತರದ ಹೆಂಗಸು, ನಾನು ನೋಡುವಾಗ ನಲವತ್ತು ದಾಟಿದ್ದರು. ಮನೆಯೊಳಗೆ ಎಲ್ಲಿ ಕೂತರೂ ಮುಖ ಬೆಳಕಿನ ಕಡೆಗೆ. ಬೆಳಿಗ್ಗೆ ಅಂಗಳದ ಮೂಡು ಮೂಲೆಯಲ್ಲಿ ಮೆಟ್ಟುಕತ್ತಿ ಇಟ್ಟು ತರಕಾರಿ ಹೆಚ್ಚಲು ಕೂತರೆ, ಬಿಸಿಲು ಸರಿದ ಹಾಗೆ ಮೆಟ್ಟುಕತ್ತಿಯನ್ನೂ ಸರಿಸುತ್ತಾ ಮಧ್ಯಾಹ್ನದ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ಬಂದಿರುತ್ತಿದ್ದರು. "ಬೆಕ್ಕು ನೆರಳಿಗೆ ಹೋಗ್ತದೆ, ಇವಳು ಬಿಸಿಲಿಗೆ," ಎಂದು ದೊಡ್ಡಕ್ಕ ಗೊಣಗುತ್ತಿದ್ದರು. ಕ್ಯಾಮೆರಾಕ್ಕೆ ಬಿಸಿಲೇ ದೀಪವಾಗಿದ್ದ ಕಾಲದ ಅಭ್ಯಾಸ ಅದು ಎಂದು ಆಗ ನನಗೆ ಎಲ್ಲಿ ಗೊತ್ತು.

ನಾನು ಬಂದ ಮೊದಲ ವಾರ ಇರಬೇಕು. ಉಪ್ಪರಿಗೆಯಲ್ಲಿ ಸೀಮೆಎಣ್ಣೆ ಸ್ಟೌ ಹೊತ್ತಿಸಲು ಹೋಗಿ ಬೆರಳು ಸುಟ್ಟುಕೊಂಡೆ. ಬಾಯಿ ತಡೆಯಲಿಲ್ಲ, ಮನೆಮಾತಾದ ಕೊಂಕಣಿಯಲ್ಲಿ "ತುಜೆಂ ಮೊಡೆಂ" ಎಂದು ಸ್ಟೌವಿಗೆ ಬೈದೆ. ನಿನ್ನ ಹೆಣ ಎಂದು ಅರ್ಥ. ಟೀಚರಾದವಳು ಆಡುವ ಮಾತಲ್ಲ. ಹಿಂದಿನಿಂದ ಯಾರೋ ನಕ್ಕರು. ತಿರುಗಿ ನೋಡಿದರೆ ಮೆಟ್ಟಿಲ ತುದಿಯಲ್ಲಿ ಮೂಕಿ, ಕೈಯಲ್ಲಿ ನನಗೆಂದು ತಂದ ಹಲಸಿನ ಹಪ್ಪಳ. ನಕ್ಕದ್ದು ಗಂಟಲು ತುಂಬಿದ ದೊಡ್ಡ ನಗೆ, ಮೂಕರ ನಗೆ ಅಲ್ಲ. ಅವರು ಹಪ್ಪಳ ಅಲ್ಲೇ ಬಿಟ್ಟು ಇಳಿದುಹೋದರು.

ಮುಂದಿನ ಭಾನುವಾರ ದೊಡ್ಡಕ್ಕ ಯಾವುದೋ ಮದುವೆಗೆ ಹೋದ ಮೇಲೆ ಮತ್ತೆ ಬಂದರು. ಕೋಣೆಯ ಬಾಗಿಲು ಹಾಕಿದರು. ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಂತು, ಎರಡು ಸಲ ಗಂಟಲು ಸರಿಮಾಡಿಕೊಂಡು ಕೇಳಿದರು:

"ಹಾಂವ್ ಉಲಂವ್?"

ನಾನು ಮಾತಾಡಲೇ, ಎಂದು. ನಮ್ಮ ಕೊಂಕಣಿ ಅಲ್ಲ, ಗೋವಾದ್ದು. ಮಾತಾಡಿ ಮಾರಾಯ್ರೆ, ಅದಕ್ಕೆ ಅಪ್ಪಣೆ ಯಾಕೆ ಎಂದೆ. ಆಮೇಲೆ ನಾನು ಆ ಮನೆಯಲ್ಲಿದ್ದಷ್ಟು ವರ್ಷವೂ ಅವರು ಅಪ್ಪಣೆ ಕೇಳದೆ ಒಂದು ಮಾತೂ ಆಡಿದವರಲ್ಲ. ಬಾಗಿಲು ಹಾಕಬೇಕು, ಬೆಳಕಿಗೆ ತಿರುಗಬೇಕು, ಹಾಂವ್ ಉಲಂವ್ ಎನ್ನಬೇಕು, ನಾನು ಹೂಂ ಅನ್ನಬೇಕು. ಅಷ್ಟಾದ ಮೇಲೆ ಮಾತು ಧಾರಾಳವಾಗಿ ಬರುತ್ತಿತ್ತು. ಸ್ವರ ಮಾತ್ರ ಗಂಡಸರ ಹಾಗೆ ಒರಟು.

ದೇವಸ್ಥಾನದಲ್ಲಿ ಹಾಡುವ ಮನೆತನವಂತೆ ಅವರದು. ಅಜ್ಜಿ, ತಾಯಿ, ಅಕ್ಕಂದಿರು ಎಲ್ಲರೂ ಹಾಡುಗಾರ್ತಿಯರು. ಇವರೊಬ್ಬರು ಬಾಯಿ ತೆರೆದರೆ ಮನೆಯವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹಾಗೆ ಕೆಲಸಕ್ಕೆ ಬಾರದ ಹುಡುಗಿ ಎನಿಸಿಕೊಂಡು ಮುಂಬಯಿಯ ಬಂಧುಗಳ ಮನೆಗೆ ಬಂದಾಗ ಅಲ್ಲಿ ಸಿನೆಮಾ ಎಂಬ ಹೊಸ ಸಂಗತಿ ಶುರುವಾಗಿತ್ತು. ಅದರಲ್ಲಿ ಸ್ವರವೇ ಬೇಡ. ಮರ್ಯಾದಸ್ತರ ಮನೆಯ ಹೆಣ್ಣುಮಕ್ಕಳು ಅತ್ತ ತಲೆ ಹಾಕುತ್ತಿರಲಿಲ್ಲ, ಇವರಿಗೆ ಕಳೆದುಕೊಳ್ಳುವ ಮರ್ಯಾದೆ ಏನೂ ಇರಲಿಲ್ಲ. ಮುಖಕ್ಕೆ ಹಳದಿ ಬಣ್ಣ ಬಳಿದು ಬಿಸಿಲಲ್ಲಿ ನಿಲ್ಲಿಸಿದರು. ಮೋಡ ಬಂದರೆ ಎಲ್ಲರೂ ಕೂತು ಇಸ್ಪೀಟು ಆಡುವುದು, ಬಿಸಿಲು ಬಂದರೆ ಓಡಿಹೋಗಿ ಅಳುವುದು. ಕುದುರೆಯಿಂದ ಬಿದ್ದು ಎಡಗೈ ಮುರಿದುಕೊಂಡಿದ್ದರು, ಅದು ಕೊನೆಯವರೆಗೂ ಸ್ವಲ್ಪ ಸೊಟ್ಟಗಿತ್ತು. "ಆ ಕಾಲದಲ್ಲಿ ಪರದೆಯ ಮೇಲೆ ನಾವೆಲ್ಲ ಏನು ಮಾತಾಡ್ತಿದ್ದೆವು ಗೊತ್ತುಂಟಾ?" ಎಂದು ಒಮ್ಮೆ ಕೇಳಿದರು. ಪ್ರೇಮದ ಸೀನಿನಲ್ಲಿ ಹೀರೋ ಗುಜರಾತಿಯಲ್ಲಿ ತನ್ನ ಹಲ್ಲುನೋವಿನ ಕಥೆ ಹೇಳುತ್ತಿದ್ದನಂತೆ, ಇವರು ಕೊಂಕಣಿಯಲ್ಲಿ ಅವನ ಬಾಯಿಯ ಈರುಳ್ಳಿ ವಾಸನೆಗೆ ಶಾಪ ಹಾಕುತ್ತಿದ್ದರಂತೆ. ನೋಡಿದ ಜನ ಕಣ್ಣೊರಸಿಕೊಳ್ಳುತ್ತಿದ್ದರು. ಈ ಕಥೆ ಹೇಳಿ ಇಬ್ಬರೂ ನಕ್ಕದ್ದಕ್ಕೆ ಕೆಳಗಿನಿಂದ ದೊಡ್ಡಕ್ಕ ಕೆಮ್ಮಿದರು, ನಾವು ಬಾಯಿಗೆ ಸೆರಗು ಒತ್ತಿಕೊಂಡೆವು.

ಟಾಕಿ ಬಂದಾಗ ಇವರನ್ನೂ ಮೈಕಿನ ಪರೀಕ್ಷೆಗೆ ಕರೆದರು. ಸುತ್ತ ಕಂಬಳಿ ತೂಗಿಸಿದ ಕೋಣೆ, ಬಿಸಿಲಿಲ್ಲ, ಗಾಳಿಯಿಲ್ಲ. ಹೇಳುವವರೆಗೆ ಉಸಿರೂ ಬಿಡಬಾರದು ಎಂದು ಮೈಕಿನವನು ಹೆದರಿಸಿದ್ದ. ಇವರು ನಿಂತರು, ಕಾದರು, ಯಾರೂ ಏನೂ ಹೇಳಲಿಲ್ಲ. ಕೊನೆಗೆ ಗಾಬರಿಯಲ್ಲಿ ತಮ್ಮ ಭಾಷೆಯಲ್ಲೇ ಕೇಳಿಬಿಟ್ಟರು, ಹಾಂವ್ ಉಲಂವ್. ಯಂತ್ರ ಆಗಲೇ ತಿರುಗುತ್ತಿತ್ತು. ಅದನ್ನು ಮತ್ತೆ ಕೇಳಿಸಿದಾಗ ಕೋಣೆ ತುಂಬ ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಸಾಕು, ನೀವಿನ್ನು ಹೋಗಬಹುದು ಎಂದರು. ಅಷ್ಟೇ, ಟಾಕಿಯಲ್ಲಿ ಅವರ ಪಾತ್ರ ಅಲ್ಲಿಗೆ ಮುಗಿಯಿತು. ಆ ಮೇಲೆ ಜನರ ಎದುರು ಬಾಯಿ ತೆರೆಯುವಾಗಲೆಲ್ಲ ಯಾರೋ ನಗುತ್ತಾರೆ ಅನಿಸುತ್ತಿತ್ತಂತೆ. ಕೇಳಿ ನನಗೆ ಅಳು ಬಂತು, ಅವರು ಅಳಲಿಲ್ಲ.

ಆ ಸ್ಟುಡಿಯೋದ ಎದುರು ಹೋಟೆಲು ಇಟ್ಟಿದ್ದವರು ದೊಡ್ಡಕ್ಕನ ತಮ್ಮ. ಕೆಲಸ ಹೋದ ಮೇಲೂ ಇವರಿಗೆ ಚಾ ಕೊಡುತ್ತಿದ್ದ ಮನುಷ್ಯ. ಹಲವು ವರ್ಷ ಒಟ್ಟಿಗಿದ್ದರು. ಮದುವೆ ಆಗಿತ್ತೋ ಇಲ್ಲವೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕಡೆಗೊಮ್ಮೆ ಆ ತಮ್ಮ ಇವರನ್ನು ಊರಿಗೆ ಕರೆತಂದರು. ಅಂಗಳದಲ್ಲಿ ನೆರೆಕರೆಯವರೆಲ್ಲ ಸೇರಿದ್ದರು. ಇವರು ಯಾರು ಎಂದು ಅಕ್ಕ ಕೇಳಿದಾಗ, ತಮ್ಮ ಸ್ವಲ್ಪ ಹೆಮ್ಮೆಯಿಂದಲೇ, ಇವರು ಮೂಕಿಯಲ್ಲಿದ್ದವರು ಎಂದರಂತೆ. ಮುಂಬಯಿಯಲ್ಲಿ ಮಾತಿನ ಸಿನೆಮಾಕ್ಕೆ ಟಾಕಿ, ಮಾತಿಲ್ಲದ್ದಕ್ಕೆ ಮೂಕಿ. ಬಂಟ್ವಾಳದವರಿಗೆ ಇಂಥ ಭೇದ ಎಲ್ಲಿ ತಿಳಿಯಬೇಕು? ಪಕ್ಕದ ಮನೆಯ ಮುದುಕಿ "ಅಯ್ಯೋ ಪಾಪ, ಮೂಕಿಯಂತೆ" ಎಂದಳು. ಆ ಮಾತು ಪೇಟೆ ಸುತ್ತಿ ಬರುವಷ್ಟರಲ್ಲಿ ಸತ್ಯವೇ ಆಗಿಹೋಯಿತು.

ಅದನ್ನು ದೊಡ್ಡಕ್ಕ ತಿದ್ದಬಹುದಿತ್ತು, ತಿದ್ದಲಿಲ್ಲ. ಅವರ ಕಷ್ಟವೂ ಸುಳ್ಳಲ್ಲ. ತುಳುನಾಡಿನಲ್ಲಿ ಹೊಸಬರನ್ನು ಕಂಡರೆ ಕೇಳುವ ಮೊದಲ ಪ್ರಶ್ನೆ, ಯಾವ ಮನೆ, ಯಾವ ಬಳಿ? ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಅಳಿಯಸಂತಾನದ ಮನೆಗಳಲ್ಲಿ ಮನೆಯೇ ಹೆಂಗಸರ ಬಳಿಯದು, ತಮ್ಮ ಕಟ್ಟಿಕೊಂಡು ಬಂದವಳಿಗೆ ಅಲ್ಲಿ ಕಾಲಿಡಲು ಹಕ್ಕಿಲ್ಲ, ಅದರಲ್ಲೂ ಬಳಿಯೇ ಇಲ್ಲದ ಸಿನೆಮಾದವಳಿಗೆ. ಮೂಕಿಯಾದರೆ ಯಾರು ಏನು ಕೇಳುತ್ತಾರೆ? ದೊಡ್ಡಕ್ಕ ಅಲ್ಲೇ ನಿಂತು, ಇವಳು ನಮ್ಮದೇ ಬಳಿಯ ಹುಡುಗಿ, ಘಟ್ಟ ಹತ್ತಿ ಹೋದವರ ಪೈಕಿ, ದಿಕ್ಕಿಲ್ಲದೆ ಇದ್ದವಳನ್ನು ತಮ್ಮ ಕರಕೊಂಡು ಬಂದ ಎಂದು ಊರಿಗೆಲ್ಲ ಹೇಳಿದರು. ಅವರ ಮಟ್ಟಿಗೆ ಅದು ದಯೆಯೇ.

ಆದರೆ ಒಂದೇ ಬಳಿಯವರು ಅಣ್ಣ ತಂಗಿ. ಅವರೊಳಗೆ ಮದುವೆ ಇಲ್ಲ. ಹಾಗಾಗಿ ಅದೇ ಸಂಜೆಯಿಂದ ಇವರು ತಾವು ನಂಬಿ ಬಂದ ಗಂಡಸಿಗೆ ತಂಗಿಯಾದರು. ಅವರು ಹೋಟೆಲು ನೋಡಿಕೊಳ್ಳಲು ಮುಂಬಯಿಗೆ ಹೋದರು, ವರ್ಷಕ್ಕೊಮ್ಮೆ ಬಂದು ಚಾವಡಿಯಲ್ಲಿ ಕೂತು ಕ್ಷೇಮ ವಿಚಾರಿಸಿದರು, ಒಂದು ವರ್ಷ ಬರಲಿಲ್ಲ, ಸತ್ತ ಸುದ್ದಿ ಬಂತು. "ಅಳುವುದಕ್ಕೂ ಲೆಕ್ಕ ಇತ್ತು," ಎಂದು ಇವರು ನನಗೆ ಹೇಳಿದರು. "ಒಡಹುಟ್ಟಿದವಳು ಅಲ್ಲ, ದೂರದ ತಂಗಿ. ಅವಳು ಎಷ್ಟು ಅಳಬೇಕೋ ಅಷ್ಟೇ ಅಳಬೇಕು. ಡೈರೆಕ್ಟರು ಯಾವಾಗಲೂ ನನಗೆ ಹೇಳ್ತಿದ್ದದ್ದು, ಕಡಿಮೆ ಮಾಡು, ಕಡಿಮೆ ಮಾಡು. ಆ ದಿನ ನಾನು ಸರಿಯಾಗಿ ಮಾಡಿದೆ." ಇದನ್ನು ಹೇಳುವಾಗಲೂ ಮುಖ ಬೆಳಕಿನ ಕಡೆಗೇ ಇತ್ತು, ನನಗೆ ನೋಡಲಾಗಲಿಲ್ಲ.

ಪೇಟೆಯಲ್ಲಿ ಒಂದು ಜವಳಿ ಅಂಗಡಿ. ಅದರ ಮಾಲೀಕರಿಗೆ ಹಳೆಯ ಸಿನೆಮಾಗಳ ಹುಚ್ಚು, ಯೌವನದಲ್ಲಿ ಮಂಗಳೂರಿಗೆ ನಡೆದೇ ಹೋಗಿ ನೋಡಿದವರಂತೆ. ಒಮ್ಮೆ ರವಿಕೆಯ ಬಟನ್ನಿಗೆ ಹೋದಾಗ ನನ್ನೊಡನೆ ಇವರೂ ಇದ್ದರು. ಮಾತಿಗೆ ಮಾತು ಬಂದು ಮಾಲೀಕರು ಆ ಕಾಲದ ನಟಿಯರನ್ನು ಹೊಗಳತೊಡಗಿದರು, ಅದರಲ್ಲಿ ಒಬ್ಬರನ್ನಂತೂ ಹೆಸರು ಹಿಡಿದು. ಈಗಿನವರು ಏನು ಬಾಯಮ್ಮ, ಬರೀ ಕಿರುಚುವುದು, ಆ ಯಮ್ಮನ ಕಣ್ಣು ಒಂದು ಸಾಕಿತ್ತು, ಈಗಲೂ ಸಾವಿರ ಜನರ ನಡುವೆ ನಿಲ್ಲಿಸಿ, ಗುರುತು ಹಿಡಿಯುತ್ತೇನೆ ಎಂದರು. ಆ ಯಮ್ಮ ಅವರ ಮೂಗಿನ ಎದುರೇ ಬಟನ್ನು ಆರಿಸುತ್ತಾ ನಿಂತಿದ್ದರು. "ಎಂತ ಮಾಡುವುದು, ಇದಕ್ಕೆ ಕೈಸನ್ನೆ ಮಾಡಿ ಹೇಳಿ, ಆ ಬಿಳಿ ಬಟನ್ ಗಟ್ಟಿ ಇಲ್ಲ," ಎಂದು ಮಾಲೀಕರೇ ನನಗೆ ಸೂಚಿಸಿದರು. ಮನೆಗೆ ಬಂದು ಬಾಗಿಲು ಹಾಕಿ, ಅಪ್ಪಣೆ ತೆಗೆದುಕೊಂಡು, ಇವರು ಆಡಿದ ಮೊದಲ ಮಾತು, "ಆ ಮನುಷ್ಯನ ಅಂಗಡಿಯ ಯಾವ ಬಟನ್ನೂ ಗಟ್ಟಿ ಇಲ್ಲ."

ನನಗೆ ಸಿಟ್ಟು ಬರುತ್ತಿತ್ತು. ಬನ್ನಿ, ಬಸ್ಸು ಹತ್ತುವ, ಮಂಗಳೂರಿಗೆ ಹೋಗುವ, ಅಲ್ಲಿ ನಮ್ಮ ಸಿಸ್ಟರುಗಳ ಹತ್ತಿರ ಏನಾದರೂ ಕೆಲಸ ಸಿಗ್ತದೆ ಎಂದು ಎಷ್ಟೋ ಸಲ ಹೇಳಿದ್ದೆ. ಒಮ್ಮೆ ಇಗರ್ಜಿಯ ಹಬ್ಬದ ನೆಪ ಹೇಳಿ ಫರಂಗಿಪೇಟೆಯವರೆಗೆ ಕರೆದುಕೊಂಡೂ ಹೋದೆ. ನದಿಯ ದಂಡೆಯಲ್ಲಿ ಕೂತು ಗಂಟಲು ಬೀಳುವವರೆಗೆ ಮಾತಾಡಿದರು, ದೋಣಿಯವರನ್ನು ಕೂಗಿದರು, ಅವರು ತಿರುಗಿ ಕೂಗಿದ್ದಕ್ಕೆ ಕುಣಿದಾಡಿದರು. ಆಗ ಮೇಲಿನ ರಸ್ತೆಯಲ್ಲಿ ನಮ್ಮ ಬೀದಿಗೆ ಮೀನು ತರುವ ಹೆಂಗಸು ಬುಟ್ಟಿ ಹೊತ್ತು ಬಂದಳು. ದೂರದಿಂದಲೇ "ಟೀಚರೇ, ಮೂಕಿಯಮ್ಮನನ್ನೂ ಕರಕೊಂಡು ಬಂದಿರಾ" ಎಂದಳು. ಅಲ್ಲಿಗೆ ಇವರ ಬಾಯಿ ಮುಚ್ಚಿತು. ಬಸ್ಸಿನಲ್ಲಿ ನಾನು ಏನು ಕೇಳಿದರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಮತ್ತೆ ಕರೆದರೆ ಬರಲಿಲ್ಲ. ಮಂಗಳೂರಿನಲ್ಲಿಯೂ ಮೊದಲು ಕೇಳುವುದು ಯಾವ ಮನೆ ಅಂತಲೇ ಅಲ್ಲವಾ ಟೀಚರ್, ಇಲ್ಲಾದರೆ ಸರೋಜ ಇದ್ದಾಳೆ ಎಂದರು.

ಸರೋಜ ದೊಡ್ಡಕ್ಕನ ಒಬ್ಬಳೇ ಮಗಳು. ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಸನ್ನೆಯಲ್ಲೇ ಕಥೆ ಹೇಳಿ ಊಟ ಮಾಡಿಸಿದ್ದು ಎಲ್ಲ ಇವರು. ಚಿಕ್ಕಮ್ಮ ಎಂದು ಆ ಹುಡುಗಿ ಕರೆದರೆ ಇವರು ಓಡಿ ಬರುವ ರೀತಿ ನೋಡಬೇಕಿತ್ತು. ಇವರು ಮೂಕಿಯಲ್ಲ ಎಂಬುದು ಆ ಮಗುವಿಗೂ ಗೊತ್ತಿರಲಿಲ್ಲ. ಮಕ್ಕಳ ಬಾಯಿಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ದೊಡ್ಡಕ್ಕ ತಿಳಿಸಿರಲಿಲ್ಲ. ಸರೋಜಳ ಮದುವೆ ಆಗುವವರೆಗೆ ಬಾಯಿ ಮುಚ್ಚಿಕೊಂಡಿರು, ಆಮೇಲೆ ನೋಡುವ ಎನ್ನುವುದು ಅವರಿಬ್ಬರ ನಡುವಿನ ಕರಾರು. ಆ ಆಮೇಲೆಯನ್ನು ನಂಬಿಕೊಂಡು ಇವರು ವರ್ಷ ಕಳೆಯುತ್ತಿದ್ದರು.

ಸರೋಜಳಿಗೆ ಬೆಳುವಾಯಿಯಿಂದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗಿ ಒಪ್ಪಿಗೆ, ಮನೆ ಒಪ್ಪಿಗೆ, ಎಲ್ಲ ಸರಿ. ಆದರೆ ಗಂಡಿನ ಕಡೆಯವರು ಮಧ್ಯಸ್ಥಗಾರನ ಮೂಲಕ ಮೆಲ್ಲಗೆ ಒಂದು ಮಾತು ಕೇಳಿ ಕಳುಹಿಸಿದರು: ಹೆಣ್ಣಿನ ಬಳಿಯಲ್ಲೇ ಒಬ್ಬರು ಮೂಕಿ ಇದ್ದಾರಂತೆ, ಅದು ಹುಟ್ಟಿನಿಂದ ಬಂದದ್ದೇ? ತಾಯಿಯ ಕಡೆಯ ರಕ್ತವೇ ಮಕ್ಕಳಿಗೆ ಬರುವುದು ಎಂದು ನಂಬುವ ಜನ, ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಅವರೇ ಒಂದು ದಿನ ಬಂದು ಕಣ್ಣಾರೆ ನೋಡುತ್ತಾರಂತೆ. ಮದುವೆಗೆ ಅಡ್ಡಿ ಬರಬಾರದೆಂದು ಸಾಕಿದ ಸುಳ್ಳೇ ಈಗ ಮದುವೆಗೆ ಅಡ್ಡ ನಿಂತಿತು.

ದೊಡ್ಡಕ್ಕ ಮೊದಲ ಸಲ ನನ್ನ ಉಪ್ಪರಿಗೆಗೆ ಹತ್ತಿ ಬಂದರು. ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತು, ಸೊಂಟದ ಬೀಗದ ಕೈ ಗೊಂಚಲು ತಿರುಗಿಸುತ್ತಾ ಹೇಳಿದರು: "ಅವಳು ನಿಮ್ಮ ಹತ್ತಿರ ಮಾತಾಡ್ತಾಳೆ ಅಂತ ನನಗೆ ಗೊತ್ತುಂಟು ಟೀಚರ್. ಕೆಮ್ಮಿದ್ದು ಸುಮ್ಮನೆ ಅಲ್ಲ, ಬೀದಿಗೆ ಕೇಳಬಾರದು ಅಂತ. ಈಗ ಮಾತಾಡಬೇಕು. ನಾಲ್ಕು ಮಾತು ತುಳು ಕಲಿಸಿ. ಹರಕೆ ಹೇಳಿಕೊಂಡದ್ದಕ್ಕೆ ಸ್ವರ ಬಂತು ಅಂತ ನಾನು ಹೇಳ್ತೇನೆ."

ಆ ವಾರ ನಾನು ಮರೆಯುವುದಿಲ್ಲ. ಬಂದವರಿಗೆ ಬೆಲ್ಲ ನೀರು ಕೊಟ್ಟು "ಕುಳ್ಳುಲೆ, ನೀರ್ ಪರ್ಲೆ" ಎನ್ನಬೇಕು, ಕೂತುಕೊಳ್ಳಿ, ನೀರು ಕುಡಿಯಿರಿ ಎಂದು. ಅಷ್ಟೇ ಪಾಠ. ವರ್ಷಗಟ್ಟಲೆ ತುಳು ಕೇಳಿದ ಕಿವಿ, ಆಡಿದ ನಾಲಗೆಯಲ್ಲ. ನಾನು ಬೆತ್ತ ಹಿಡಿದ ಹಾಗೆ ಬೆರಳು ಎತ್ತುವುದು, ಅವರು ಹೇಳುವುದು, ತಪ್ಪಿದರೆ ಇಬ್ಬರೂ ನಗುವುದು. ಕೆಳಗಿನಿಂದ ಈಗ ಕೆಮ್ಮು ಬರುತ್ತಿರಲಿಲ್ಲ. ಒರಟು ಸ್ವರ ಒಂದಿಷ್ಟೂ ನಯವಾಗಲಿಲ್ಲ, ಆದರೆ ಮಾತು ಸ್ಪಷ್ಟವಾಯಿತು. ಒಮ್ಮೆ ಬಾಯಿ ಬಂತು ಎಂದು ಊರಿಗೆ ಗೊತ್ತಾದ ಮೇಲೆ ಮೊದಲು ಎಲ್ಲಿಗೆ ಹೋಗಬೇಕು, ಯಾರ ಹತ್ತಿರ ಏನು ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದರು. ಬಟನ್ನಿನ ಮಾಲೀಕರಿಗೆ ಮೊದಲ ಸರದಿ. ಆಮೇಲೆ ಸರೋಜಳನ್ನು ಒಂದು ಸಲ ಹೆಸರು ಹಿಡಿದು ಕರೆಯಬೇಕು ಎಂದರು. ಅವಳನ್ನು ಅವರು ಒಮ್ಮೆಯೂ ಕರೆದಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

ಬೆಳುವಾಯಿಯವರು ಬೆಳಿಗ್ಗೆಯೇ ಬಂದರು. ಗಂಡಿನ ಸೋದರಮಾವ, ಅವರೇ ಆ ಮನೆಯ ಯಜಮಾನರು, ಮೃದು ಮಾತಿನ ಮನುಷ್ಯ. ಜೊತೆಗೆ ಗಂಡಿನ ತಾಯಿ. ನಾನು ಚಾವಡಿಯ ಬಾಗಿಲಲ್ಲಿ ನಿಂತಿದ್ದೆ, ನನ್ನ ಹಿಂದೆ ಸರೋಜ ಉಗುರು ಕಚ್ಚುತ್ತಿದ್ದಳು. ಚಿಕ್ಕಮ್ಮ ಬೆಲ್ಲದ ತಟ್ಟೆ, ನೀರಿನ ಚೆಂಬು ಹಿಡಿದು ಬಂದರು. ಹಂಚಿನ ನಡುವಿನ ಗಾಜಿನಿಂದ ಬಿಸಿಲು ಬೀಳುವ ಜಾಗ ಒಂದಿತ್ತು, ಸರಿಯಾಗಿ ಅಲ್ಲೇ ನಿಂತರು. "ಇವಳೇ," ಎಂದರು ದೊಡ್ಡಕ್ಕ, ಆಮೇಲೆ ಮೆಲ್ಲಗೆ ಅವರಿಗೆ, "ಮಾತಾಡು."

ಅವರು ನನ್ನ ಕಡೆ ನೋಡಿದರು. ತುಟಿ ಮಾತ್ರ ಅಲುಗಿತು, ಹಾಂವ್ ಉಲಂವ್. ನಾನು ಹೂಂ ಎಂದು ತಲೆಯಾಡಿಸಿದೆ.

ಅಷ್ಟರಲ್ಲಿ ಆ ಸೋದರಮಾವ, ನಿಜವಾಗಿಯೂ ಸಂತೋಷದಿಂದ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಹೇಳಿದರು: "ಮಾತು ಬರ್ತದಾ? ಬರುವುದಾದರೆ ನಮಗೆ ಚಿಂತೆಯೇ ಇಲ್ಲ. ಘಟ್ಟದ ಮೇಲೆ ನಿಮ್ಮದು ಯಾವ ಮನೆ ಅಂತ ಹೇಳಿ ತಂಗಿ. ನಿಮ್ಮ ಬಳಿಯ ಮನೆಗಳೆಲ್ಲ ನನಗೆ ಗೊತ್ತುಂಟು, ನಾವು ಕೊಟ್ಟು ತಂದವರು."

ನಾನು ಕಲಿಸಿದ ಪಾಠದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಯಾರು ಕಲಿಸಿದರೂ ಇರುತ್ತಿರಲಿಲ್ಲ. ಬಾಯಿ ತೆರೆದರೆ ಮೊದಲ ಪ್ರಶ್ನೆ ಇದೇ, ಹದಿನೈದು ವರ್ಷ ಕಾದು ಕೂತಿದ್ದ ಪ್ರಶ್ನೆ. ದೊಡ್ಡಕ್ಕನ ಮುಖ ಸುಣ್ಣವಾಯಿತು. ಸರೋಜ ನನ್ನ ಸೆರಗು ಹಿಡಿದಳು.

ಚಿಕ್ಕಮ್ಮ ಚೆಂಬನ್ನು ಕೆಳಗಿಟ್ಟರು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಅವರು ಅಲ್ಲಿ ಇರಲಿಲ್ಲ, ಏಳೆಂಟು ವರ್ಷದ ಒಂದು ಹುಡುಗಿ ಇದ್ದಳು. ಆ ಹುಡುಗಿ ವಟಗುಟ್ಟುವವಳು, ಕರುವಿನ ಹತ್ತಿರ, ಕಾಗೆಯ ಹತ್ತಿರ, ಎಲ್ಲರ ಹತ್ತಿರ ಮಾತಾಡುವವಳು, ಅವಳ ಬಾಯಿ ನಿಲ್ಲುವುದಿಲ್ಲವೆಂದು ತಾಯಿ ಕಿವಿ ಹಿಂಡುವುದು. ಜ್ವರ ಬಂತು. ಹುಡುಗಿ ಕುಸಿದಳು. ಈಗ ತಾಯಿ, ಹಣೆಗೆ ಬಟ್ಟೆ ಹಾಕುವ ಕೈ, ದೇವರ ಕಡೆ ಎತ್ತುವ ಕೈ. ಜ್ವರ ಬಿಟ್ಟಿತು. ಹುಡುಗಿ ಎದ್ದು ಕೂತಳು, ಕಿಟಕಿಯಲ್ಲಿ ಕಾಗೆ ಕಂಡಳು, ನಕ್ಕಳು, ಕರೆಯಲು ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ಕೈ ಮೆಲ್ಲಗೆ ಗಂಟಲಿಗೆ ಹೋಯಿತು, ಅಲ್ಲಿದ್ದ ಯಾವುದೋ ವಸ್ತು ಕಳೆದುಹೋದ ಹಾಗೆ ತಡಕಿತು.

ಗಂಡಿನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸೋದರಮಾವ ಎದ್ದು ನಿಂತು ಕೈ ಮುಗಿದು, ತಪ್ಪಾಯಿತು ತಂಗಿ, ಕೇಳಬಾರದಿತ್ತು, ಹುಟ್ಟಿನದು ಅಲ್ಲ ಅಂತ ಗೊತ್ತಾಯಿತಲ್ಲ, ಸಾಕು ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಮದುವೆ ನಿಶ್ಚಯವಾಯಿತು.

ಸಂಜೆ ನಾನು ಚಿಕ್ಕಮ್ಮನ ಮೇಲೆ ಹರಿಹಾಯ್ದೆ. ನಾಲ್ಕು ಮಾತು ಹೇಳಿ ಒಳಗೆ ಓಡಿಬರಬಹುದಿತ್ತು, ನಾಚಿಕೆ ಎಂದುಕೊಳ್ಳುತ್ತಿದ್ದರು, ಇನ್ನು ಜನ್ಮದಲ್ಲಿ ಬಾಯಿ ತೆರೆಯುವಂತಿಲ್ಲವಲ್ಲ ಎಂದು ಕೂಗಾಡಿದೆ. ಬೆಳುವಾಯಿಯವರು ಈಗ ನೆಂಟರು, ವಾರಕ್ಕೊಮ್ಮೆ ಬರುವವರು. ಇವರು ನನ್ನ ಕೂಗು ಮುಗಿಯುವವರೆಗೆ ಕಾದರು. ಅಪ್ಪಣೆ ಕೇಳಿದರು. ಆಮೇಲೆ ಹೇಳಿದರು, "ಮೈಕಿನ ಎದುರು ನಾನು ಸೋತಿದ್ದೇನೆ ಟೀಚರ್. ಬೆಳಕಿನ ಎದುರು ಸೋತವಳಲ್ಲ. ಸರೋಜಳ ಮದುವೆಯನ್ನು ಯಾವುದರ ಕೈಗೆ ಕೊಡಲಿ?"

ಅದು ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು. ಅಪ್ಪಣೆ ಕೇಳಲು ಮತ್ತೆ ಮೆಟ್ಟಿಲು ಹತ್ತಿ ಬರಲಿಲ್ಲ. ಸರೋಜ ಗಂಡನ ಮನೆಗೆ ಹೊರಟ ದಿನ ಅವಳ ತಲೆಯ ಮೇಲೆ ಕೈ ಇಟ್ಟು ನಿಂತಿದ್ದರು, ತುಟಿ ಬಿಗಿಯಾಗಿ ಮುಚ್ಚಿತ್ತು. ಆ ವರ್ಷವೇ ನನಗೆ ಬೆಳ್ತಂಗಡಿಯ ಹತ್ತಿರ ಲಾಯಿಲದ ಶಾಲೆಗೆ ವರ್ಗವಾಯಿತು. ಬಂಟ್ವಾಳದಲ್ಲಿ ಮೇಲಿನ ಬಾಯಿ ಹೋದ ಮೇಲೆ ಮನೆ ಪೂರ್ತಿ ತಣ್ಣಗಾಯಿತಂತೆ.

ಕೆಲವು ವರ್ಷಗಳ ಮೇಲೆ, ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಲಾಯಿಲದ ಶಾಲೆಯ ಜಗಲಿಗೆ ದೊಡ್ಡಕ್ಕ ಬಂದರು. ಬಸ್ಸಿನಲ್ಲಿ ಒಬ್ಬರೇ, ಕೊಡೆ ಊರಿಕೊಂಡು. ಅವರು ಹಾಗೆ ಒಬ್ಬರೇ ಬಸ್ಸು ಹತ್ತುವವರಲ್ಲ. ಅವಳು ಹೋದಳು ಟೀಚರ್, ಉತ್ತರಕ್ರಿಯೆಯ ಬೊಜ್ಜವೂ ಮುಗಿಯಿತು, ನಮ್ಮ ಬಳಿಯವಳು ಅಂತಲೇ ಎಲ್ಲ ಮಾಡಿಸಿದೆ ಎಂದರು. ನೀರು ಕೊಟ್ಟೆ, ಕುಡಿಯಲಿಲ್ಲ. ಜ್ವರ ತಲೆಗೇರಿ ಕೊನೆಯ ಎರಡು ದಿನ ಅವರು ಮಾತಾಡಿದರಂತೆ, ನಿಲ್ಲಿಸದೆ. ದೊಡ್ಡಕ್ಕ ಕೋಣೆಯ ಬಾಗಿಲು ಹಾಕಿ ಒಬ್ಬರೇ ಒಳಗೆ ಕೂತರಂತೆ.

ಯಾರಿಗೂ ಕೇಳಬಾರದು ಅಂತಲಾ, ಎಂದು ಕೇಳಿದೆ. ನನ್ನ ನಾಲಗೆ ಗೊತ್ತಲ್ಲ.

"ಮೊದಲು ಹಾಗೇ. ಆಮೇಲೆ ನನಗೇ ಕೇಳ್ತಾ ಇರಬೇಕು ಅಂತ ಆಯ್ತು." ಕೊಡೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮುಂದುವರಿಸಿದರು. "ಒಂದೇ ಮಾತು ಪುನಃ ಪುನಃ. ಹಾವು, ಹಾವು ಅಂತಿದ್ದಳು, ಅದರ ಹಿಂದೆ ಇನ್ನೂ ಎಂತದೋ ಉಂಟು, ನನಗೆ ಹಿಡಿಯಲಿಲ್ಲ. ತುಳುವಿನಲ್ಲಿ ಹಾವಿಗೆ ಬೇರೆ ಹೇಳ್ತೇವೆ, ಆದರೆ ಜ್ವರದಲ್ಲಿ ಕನ್ನಡದ್ದು ಬಂತೋ ಏನೋ ಅಂದುಕೊಂಡೆ. ಕೋಲು ಹಿಡಿದು ಮಂಚದ ಅಡಿ, ಮೂಲೆ ಮೂಲೆ ನೋಡಿದೆ ಟೀಚರ್, ಎಲ್ಲಿಯೂ ಇಲ್ಲ. ಅವಳು ನನ್ನ ಮುಖವನ್ನೇ ನೋಡುವುದು, ಹಾವು ಎನ್ನುವುದು. ನಾನು ಇಲ್ಲ, ಇಲ್ಲ ಎನ್ನುವುದು. ಕೈ ಹಿಡಿದುಕೊಂಡು ಪ್ರತಿ ಸಲವೂ ಹೇಳಿದೆ, ಇಲ್ಲ ಅಂತ. ಕೊನೆಯವರೆಗೂ ಅದೇ. ಈಗ ನನಗೆ ಒಂದು ಸಂಶಯ. ನಿಮಗೆ ಅವಳ ಭಾಷೆ ಗೊತ್ತುಂಟು. ಅವಳು ಕೇಳಿದ್ದು ಹಾವಿನ ವಿಷಯವೇ, ಅಲ್ಲ ಬೇರೆ ಎಂತದಾದರೂ?"

ಬೀಗದ ಕೈ ಗೊಂಚಲು ಸೊಂಟದಲ್ಲಿ ಇರಲಿಲ್ಲ. ಕೊಡೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಮಗ್ಗಿ ತಪ್ಪಿದ ಮಗುವಿನ ಹಾಗೆ ನನ್ನನ್ನು ನೋಡುತ್ತಿದ್ದರು. ಅವರಿಗೆ ಹೇಳಬೇಕೆಂದು ನಾನು ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು, ಎಲ್ಲ ಬಾಯಿಗೆ ಬಂದವು.

"ಹಾವೇ ಅಕ್ಕ," ಎಂದೆ. "ಜ್ವರದಲ್ಲಿ ಹಾಗೆ ಕಾಣುವುದು ಉಂಟು. ನೀವು ಹೇಳಿದ್ದು ಸರಿಯಾಯಿತು."

ಅವರು ಉಸಿರು ಬಿಟ್ಟು ನೀರು ಕುಡಿದರು. ಬಂಟ್ವಾಳದ ಬಸ್ಸಿಗೆ ನಾನೇ ಹತ್ತಿಸಿದೆ. ತಿರುಗಿ ಬಂದಾಗ ಗಂಟೆ ಹೊಡೆದಾಗಿತ್ತು, ಮೂರನೇ ಕ್ಲಾಸಿನ ಮಕ್ಕಳು ಮಗ್ಗಿ ಹೇಳಲು ಎದ್ದು ನಿಂತಿದ್ದರು. ಟೀಚರ್, ಶುರು ಮಾಡಲಾ ಎಂದು ಒಬ್ಬಳು ಕೇಳಿದಳು. ಬಾಯಿ ತೆರೆದೆ, ನನಗೆ ಸ್ವರ ಬರಲಿಲ್ಲ.